ಸೊನ್ನೆ ದೂರುಗಳ ಶಾಲೆ

2024ರ ಆಗಸ್ಟ್ 20ರಂದು ಬದ್ಲಾಪುರ ನಿಲ್ದಾಣದಲ್ಲಿ ಜನ ಹಳಿಗಿಳಿದು ಗಂಟೆಗಟ್ಟಲೆ ಲೋಕಲ್ ಗಾಡಿಗಳನ್ನು ತಡೆದದ್ದು ಮುಂಬಯಿಯಲ್ಲಿರುವ ನಮಗೆಲ್ಲ ನೆನಪಿದೆ. ಶಿಶುವರ್ಗದ ಇಬ್ಬರು ಹೆಣ್ಣುಮಕ್ಕಳ ಮೇಲೆ ಶಾಲೆಯ ಸಿಬ್ಬಂದಿಯೊಬ್ಬ ಲೈಂಗಿಕ ದೌರ್ಜನ್ಯ ಎಸಗಿದನೆಂಬ ಆರೋಪ ಅದು. ಆ ದಿನದ ಸಿಟ್ಟಿಗೆ ಕೃತ್ಯ ಒಂದೇ ಕಾರಣವಾಗಿರಲಿಲ್ಲ. ದೂರು ಕೊಡಲು ಹೋದ ಹೆತ್ತವರನ್ನು ಠಾಣೆಯಲ್ಲಿ ಗಂಟೆಗಟ್ಟಲೆ ಕಾಯಿಸಿದ್ದರು. ಶಾಲೆ ತಾನಾಗಿ ಪೊಲೀಸರಿಗೆ ತಿಳಿಸಿರಲಿಲ್ಲ. ಬಾಂಬೆ ಹೈಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣವನ್ನು ಕೈಗೆತ್ತಿಕೊಂಡಾಗ ಎತ್ತಿದ ಮುಖ್ಯ ಪ್ರಶ್ನೆಗಳಲ್ಲಿ ಇದೂ ಒಂದು. ಮಗು ಹೇಳಿತ್ತು, ಮನೆಯವರು ಕೇಳಿಸಿಕೊಂಡಿದ್ದರು. ಮುಂದಿನ ಬಾಗಿಲುಗಳು ತೆರೆಯಲಿಲ್ಲ.

ಮರುದಿನವೇ ಮಹಾರಾಷ್ಟ್ರದ ಶಾಲಾ ಶಿಕ್ಷಣ ಇಲಾಖೆ ಒಂದು ಆದೇಶ ಹೊರಡಿಸಿತು. ಸಿಬ್ಬಂದಿಯ ಹಿನ್ನೆಲೆ ಪರಿಶೀಲನೆ, ದೂರು ಪೆಟ್ಟಿಗೆ, ಸಖಿ ಸಾವಿತ್ರಿ ಸಮಿತಿ ಎಲ್ಲವೂ ಅದರಲ್ಲಿದ್ದವು. ಆದರೆ ಶಾಲೆಗಳು, ಪತ್ರಿಕೆಗಳು, ಹೆತ್ತವರ ವಾಟ್ಸಾಪ್ ಗುಂಪುಗಳು ಹಿಡಿದುಕೊಂಡದ್ದು ಸಿಸಿಟಿವಿಯನ್ನು. ಒಂದು ತಿಂಗಳೊಳಗೆ ಹಾಕಿಸದಿದ್ದರೆ ಅನುದಾನ ನಿಲ್ಲಬಹುದು, ಮಾನ್ಯತೆ ಹೋಗಬಹುದು ಎಂಬ ಎಚ್ಚರಿಕೆಯಿತ್ತು. ಹತ್ತು ವರ್ಷ ಹಿಂದೆ, 2014ರ ಜುಲೈನಲ್ಲಿ, ಬೆಂಗಳೂರಿನ ಮಾರತಹಳ್ಳಿ ಕಡೆಯ ಶಾಲೆಯೊಂದರಲ್ಲಿ ಆರು ವರ್ಷದ ಮಗುವಿನ ಮೇಲೆ ನಡೆದ ದೌರ್ಜನ್ಯ ಹೊರಬಿದ್ದಾಗಲೂ ಹೆತ್ತವರು ಬೀದಿಗಿಳಿದಿದ್ದರು. ಆಗಲೂ ಪೊಲೀಸ್ ಮಾರ್ಗಸೂಚಿ ಬಂತು, ಕ್ಯಾಮೆರಾ ಬಂತು. ನಾವು ಬಿಟ್ಟು ಬಂದ ರಾಜ್ಯ, ಬಂದು ಸೇರಿದ ರಾಜ್ಯ, ಎರಡೂ ಹತ್ತು ವರ್ಷದ ಅಂತರದಲ್ಲಿ ಒಂದೇ ವಸ್ತುವನ್ನು ಕೊಂಡವು.

ಕ್ಯಾಮೆರಾ ಬೇಡವೆಂದು ನಾನು ಹೇಳುತ್ತಿಲ್ಲ. ಸಾಕ್ಷ್ಯಕ್ಕೆ ಅದು ಬೇಕು, ಕೆಡುಕನನ್ನು ಅಷ್ಟಿಷ್ಟು ಹಿಂಜರಿಸಲೂಬಹುದು. ಆದರೆ ಶೌಚಾಲಯದೊಳಗೆ ಕ್ಯಾಮೆರಾ ಹಾಕುವಂತಿಲ್ಲ, ಹಾಕಲೂಬಾರದು. ಮನೆಯಲ್ಲಿ, ಟ್ಯೂಷನ್ನಿನಲ್ಲಿ, ನೆಂಟರ ಮದುವೆಯಲ್ಲಿ ನಡೆಯುವುದನ್ನು ಶಾಲೆಯ ಕ್ಯಾಮೆರಾ ನೋಡುವುದೂ ಇಲ್ಲ. ನಮ್ಮ ದೇಶದ ಅಪರಾಧ ದಾಖಲೆಗಳ ಪ್ರಕಾರ ಪೋಕ್ಸೋ ಕಾಯ್ದೆಯಡಿಯ ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಕಡೆ ಆರೋಪಿ ಮಗುವಿಗೆ ಪರಿಚಿತ. ಅಂದರೆ ಬಹುಪಾಲು ಮಕ್ಕಳಿಗೆ ಶಾಲೆ ದೌರ್ಜನ್ಯ ನಡೆಯುವ ಜಾಗವಲ್ಲ, ಅದನ್ನು ಹೇಳಿಕೊಳ್ಳಬಹುದಾದ ಜಾಗ. ಮನೆಯ ಹೊರಗೆ ದಿನಕ್ಕೆ ಆರು ಗಂಟೆ ಅವರನ್ನು ನೋಡುವ ದೊಡ್ಡವರೆಂದರೆ ಟೀಚರು ಮಾತ್ರ.

ಹಾಗಿದ್ದೂ ದುಡ್ಡು ಕ್ಯಾಮೆರಾಕ್ಕೆ ಹೋಗುವುದು ಏಕೆ? ಕ್ಯಾಮೆರಾಕ್ಕೆ ರಸೀದಿ ಇದೆ. ಅದರ ಮೇಲೆ ಬಣ್ಣದಲ್ಲಿ ನಂಬರು ಬರೆದು ಸ್ಟಾಕ್ ರಿಜಿಸ್ಟರಿಗೆ ಏರಿಸಬಹುದು. ತಪಾಸಣೆಗೆ ಬಂದವರು ಕತ್ತೆತ್ತಿ ನೋಡಿ ಎಣಿಸಬಹುದು. ಮೂವತ್ತು ಟೀಚರುಗಳ ಕಿವಿಯಲ್ಲಿ ಆದ ಬದಲಾವಣೆಯನ್ನು ಯಾವ ರಿಜಿಸ್ಟರಿಗೆ ಏರಿಸುವುದು?

ತರಬೇತಿ ಬೇಕು ಎಂದು ಕಾನೂನು ಹೇಳಿಲ್ಲವೆಂದಲ್ಲ. 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ, ಪೋಕ್ಸೋ ಜಾರಿಗೆ ಬಂತು. ಅದರ 19ನೇ ಕಲಮಿನಂತೆ ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದೆಂಬ ಆತಂಕವಿರುವವರೂ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ. ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ. 2022ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಇದೇ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ವಸತಿ ಶಾಲೆಯೊಂದರ ಪ್ರಕರಣದಲ್ಲಿ, ಗೊತ್ತಿದ್ದೂ ತಿಳಿಸದಿರುವುದು ಗಂಭೀರ ಅಪರಾಧವೆಂದು ಸ್ಪಷ್ಟಪಡಿಸಿತು. 2020ರ ಪೋಕ್ಸೋ ನಿಯಮಗಳು ಇನ್ನೂ ಮುಂದೆ ಹೋಗಿ, ಮಕ್ಕಳೊಂದಿಗೆ ಒಡನಾಡುವ ಪ್ರತಿ ಸಂಸ್ಥೆಯೂ ಬೋಧಕ, ಬೋಧಕೇತರ, ಕಾಯಂ, ಗುತ್ತಿಗೆ ಎಂಬ ಭೇದವಿಲ್ಲದೆ ಎಲ್ಲ ಸಿಬ್ಬಂದಿಗೂ ಕಾಲಕಾಲಕ್ಕೆ ತರಬೇತಿ ಕೊಡಬೇಕು ಎಂದವು. ಎಷ್ಟು ಗಂಟೆ, ಯಾರಿಂದ, ಯಾರ ದುಡ್ಡಿನಲ್ಲಿ ಎಂಬುದನ್ನು ಮಾತ್ರ ನಿಯಮ ಹೇಳುವುದಿಲ್ಲ.

ನನ್ನನ್ನು ಕಾಡುವುದು ಈ ಖಾಲಿ ಜಾಗ. ಗೊತ್ತಿದ್ದೂ ಸುಮ್ಮನಿದ್ದವರನ್ನು ಕಾನೂನು ಶಿಕ್ಷಿಸಬಲ್ಲದು. ಮಗು ಹೇಳಿದ್ದು ಅರ್ಥವೇ ಆಗದವರನ್ನು ಅದು ಏನೂ ಮಾಡಲಾರದು. ಶಿಕ್ಷೆಯ ಭಯ ಹೆಚ್ಚಿದಷ್ಟೂ ಅರ್ಥವಾಗದಿರುವುದೇ ಒಳ್ಳೆಯದು ಎನ್ನುವ ಮನಸ್ಸೂ ಹೆಚ್ಚುತ್ತದೆ. ತರಬೇತಿ ಕೊಡದೆ ಶಿಕ್ಷೆಯೊಂದನ್ನೇ ಏರಿಸಿದರೆ ನಾವು ಟೀಚರುಗಳಿಗೆ ಕಲಿಸುವುದು ಕಣ್ಣು ತಿರುಗಿಸುವುದನ್ನು.

ಪ್ರೀತಿಯಿರುವ ಟೀಚರಿಗೆ ಇದಕ್ಕೆಲ್ಲ ತರಬೇತಿ ಬೇಕೇ ಎಂದು ಕೇಳುವವರಿದ್ದಾರೆ. ಬೇಕು, ಏಕೆಂದರೆ ಇಲ್ಲಿ ಪ್ರೀತಿಯೇ ದಾರಿ ತಪ್ಪಿಸಬಲ್ಲದು. ಮಗು ಅರ್ಧ ಮಾತು ಹೇಳಿತು ಎಂದುಕೊಳ್ಳಿ. ಪ್ರೀತಿಯ ಟೀಚರ್ ಮೊದಲು ‘ಯಾರಿಗೂ ಹೇಳುವುದಿಲ್ಲ’ ಎಂದು ಭಾಷೆ ಕೊಡುತ್ತಾರೆ. ಅದು ಉಳಿಸಿಕೊಳ್ಳಲಾಗದ ಭಾಷೆ. ಅದನ್ನು ಮುರಿದ ದಿನ ಮಗುವಿನ ನಂಬಿಕೆಯೂ ಮುರಿಯುತ್ತದೆ. ಆಮೇಲೆ ‘ಅವನು ಇಲ್ಲಿ ಮುಟ್ಟಿದನಾ? ಹೀಗೆ ಮಾಡಿದನಾ?’ ಎಂದು ಉತ್ತರವನ್ನೂ ಸೇರಿಸಿ ಪ್ರಶ್ನೆ ಕೇಳುತ್ತಾರೆ. ನಾಳೆ ನ್ಯಾಯಾಲಯದಲ್ಲಿ ಎದುರು ವಕೀಲರು ಹಿಡಿಯುವುದು ಇದನ್ನೇ. ಆಮೇಲೆ ಖಚಿತಪಡಿಸಿಕೊಳ್ಳಲೆಂದು ಮುಖ್ಯೋಪಾಧ್ಯಾಯರ ಮುಂದೆ, ಸಮಿತಿಯ ಮುಂದೆ, ಮನೆಯವರ ಮುಂದೆ ಮಗುವಿನಿಂದ ಅದನ್ನೇ ಮತ್ತೆ ಮತ್ತೆ ಹೇಳಿಸುತ್ತಾರೆ. ಕೊನೆಗೆ ಒಳ್ಳೆಯ ಮನಸ್ಸಿನಿಂದಲೇ ಮನೆಗೆ ಫೋನ್ ಮಾಡುತ್ತಾರೆ. ಫೋನ್ ಎತ್ತುವವನೇ ಆ ವ್ಯಕ್ತಿಯಾಗಿದ್ದರೆ?

ತರಬೇತಿ ಕಲಿಸುವುದು ಇದಕ್ಕಿಂತ ತೀರಾ ಸಣ್ಣ ಸಂಗತಿಗಳನ್ನು. ಗಾಬರಿಯನ್ನು ಮುಖದಲ್ಲಿ ತೋರಿಸದಿರುವುದು. ‘ನೀನು ಹೇಳಿದ್ದು ಒಳ್ಳೆಯದಾಯಿತು, ಇದರಲ್ಲಿ ನಿನ್ನ ತಪ್ಪೇನೂ ಇಲ್ಲ’ ಎನ್ನುವುದು. ಮಗುವಿನ ಮಾತನ್ನು ಮಗುವಿನ ಪದಗಳಲ್ಲೇ, ತಿದ್ದದೆ, ಬರೆದಿಡುವುದು. ತನಿಖೆ ತನ್ನ ಕೆಲಸವಲ್ಲ, ತಿಳಿಸುವುದಷ್ಟೇ ತನ್ನ ಕೆಲಸ ಎಂದು ತಿಳಿದಿರುವುದು. ಒಳ್ಳೆಯ ನಂಬಿಕೆಯಿಂದ ತಿಳಿಸಿದವರ ಮೇಲೆ ದಾವೆ ಹೂಡುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ ಎಂಬುದನ್ನು ಅರಿತಿರುವುದು. ಸುಳ್ಳು ಆರೋಪಕ್ಕೆ ನಿರಪರಾಧಿಯೊಬ್ಬ ಬಲಿಯಾದರೆ ಎಂದು ಅಂಜುವವರಿಗೂ ಉತ್ತರ ಇಲ್ಲೇ ಇದೆ. ಉತ್ತರ ಸೇರಿಸಿದ ಪ್ರಶ್ನೆಗಳನ್ನು ಕೇಳದ, ತೀರ್ಪು ಕೊಡಲು ಹೋಗದ, ಕೇಳಿದ್ದನ್ನಷ್ಟೇ ದಾಖಲಿಸುವ ಟೀಚರು ನಿರಪರಾಧಿಗೂ ರಕ್ಷಣೆಯೇ.

ನಮ್ಮಂಥ ವಲಸಿಗರ ಮಕ್ಕಳಿಗೆ ಇದರ ಮೇಲೆ ಇನ್ನೊಂದು ತೊಡಕಿದೆ, ಅದು ಭಾಷೆಯದು. ಮುಂಬಯಿ ಮಹಾನಗರಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಕನ್ನಡವೂ ಅವುಗಳಲ್ಲೊಂದು. ಆದರೂ ನಮ್ಮ ಹೆಚ್ಚಿನ ಮಕ್ಕಳು ಮನೆಯಲ್ಲಿ ಕನ್ನಡ ಅಥವಾ ತುಳು, ಕಟ್ಟಡದ ಕೆಳಗೆ ಹಿಂದಿ, ತರಗತಿಯಲ್ಲಿ ಇಂಗ್ಲಿಷ್, ಶಾಲೆಯ ಮಾವಶಿಯ ಜೊತೆ ಮರಾಠಿ ಆಡುತ್ತಾರೆ. ಈ ನಾಲ್ಕು ಭಾಷೆಗಳಲ್ಲಿ ಯಾವುದರಲ್ಲಿ ಆ ಮಾತನ್ನು ಹೇಳುವುದು? ಮನೆಯ ಕನ್ನಡದಲ್ಲಂತೂ ದೇಹದ ಆ ಭಾಗಗಳಿಗೆ ನಾವು ಹೆಸರನ್ನೇ ಕೊಟ್ಟಿಲ್ಲ. ‘ಅಲ್ಲಿ’ ಎನ್ನುತ್ತೇವೆ, ‘ಅದು’ ಎನ್ನುತ್ತೇವೆ. ಚಡ್ಡಿ ಹಾಕದೆ ಓಡಾಡುವ ಮಗುವಿಗೆ ‘ಶೇಮ್ ಶೇಮ್’ ಎನ್ನುತ್ತೇವೆ. ಮಗು ಆ ಜಾಗಕ್ಕೆ ಕಲಿಯುವ ಮೊದಲ ಪದವೇ ನಾಚಿಕೆ. ಆಮೇಲೆ ಅದೇ ಮಗು ಬಂದು ‘ಹೊಟ್ಟೆನೋವು’ ಎನ್ನುತ್ತದೆ, ಶಾಲೆಗೆ ಹೋಗಲಾರೆ ಎನ್ನುತ್ತದೆ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸಕ್ಕೆ ಮರಳುತ್ತದೆ. ಇವೆಲ್ಲಕ್ಕೂ ಬೇರೆ ನೂರು ಕಾರಣಗಳಿರಬಹುದು. ನೂರೊಂದನೆಯ ಕಾರಣವೂ ಇರಬಹುದು ಎಂದು ನೆನಪಿಡುವುದೇ ತರಬೇತಿ. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಎಂಬ ಗಾದೆ ನಮ್ಮಲ್ಲಿದೆ. ಬಾಯಿಗೆ ಪದವೂ ಇಲ್ಲದೆ, ಎದುರಿಗೆ ಕಿವಿಯೂ ಇಲ್ಲದೆ ಐದು ವರ್ಷದ ಮಗು ಏನು ಮಾಡೀತು?

ನಾವು ಮಕ್ಕಳಿಗೆ ಕಲಿಸುವ ಪಾಠ ಸರಿಯಾಗಿಯೇ ಇದೆ: ಬೇಡ ಎನ್ನು, ಅಲ್ಲಿಂದ ಓಡು, ನಂಬುವ ದೊಡ್ಡವರಿಗೆ ಹೇಳು. ಚೈಲ್ಡ್‌ಲೈನ್ ಮಾಡಿದ ‘ಕೋಮಲ್’ ಎಂಬ ಪುಟ್ಟ ಆ್ಯನಿಮೇಷನ್ ಚಿತ್ರ ಇದನ್ನು ಎಷ್ಟೋ ತರಗತಿಗಳಿಗೆ ಮುಟ್ಟಿಸಿದೆ. ಮುಂಬಯಿಯ ಅರ್ಪಣ್, ಬೆಂಗಳೂರಿನ ಎನ್‌ಫೋಲ್ಡ್ ಮುಂತಾದ ಸಂಸ್ಥೆಗಳು ವರ್ಷಗಳಿಂದ ಇದೇ ಕೆಲಸದಲ್ಲಿವೆ. ಆದರೆ ಈ ಪಾಠದ ಮೊದಲೆರಡು ಭಾಗಗಳು ಮಗುವಿನ ಮೇಲೆ ಹೊರಿಸಿದ ಹೊರೆ. ದೊಡ್ಡವನೊಬ್ಬನನ್ನು ತಡೆಯುವ ಕೆಲಸವನ್ನು ಐದು ವರ್ಷದ ಮಗುವಿಗೆ ವಹಿಸುವುದು, ಆಗದಿದ್ದಾಗ ‘ಬೇಡ ಅನ್ನಬೇಕಿತ್ತಲ್ಲ’ ಎಂದು ಕೇಳುವುದು ಅನ್ಯಾಯ. ಮೂರನೆಯ ಭಾಗಕ್ಕೆ ಎರಡು ತುದಿಗಳಿವೆ. ಹೇಳುವುದು ಒಂದು ತುದಿ, ಕೇಳಿಸಿಕೊಳ್ಳುವುದು ಇನ್ನೊಂದು. ಮಗುವಿಗೆ ‘ಹೇಳು’ ಎಂದು ಕಲಿಸಿ, ಕೇಳಿಸಿಕೊಳ್ಳುವವರನ್ನು ಸಿದ್ಧಪಡಿಸದೆ ಬಿಟ್ಟರೆ ನಾವು ಕೊಟ್ಟ ಮಾತಿಗೆ ನಾವೇ ತಪ್ಪಿದಂತೆ. ಆದ್ದರಿಂದಲೇ ಟೀಚರುಗಳ ತರಬೇತಿಯನ್ನು ನಾನು ದಾನವೆಂದು ಕರೆಯಲಾರೆ. ಅದು ಸಾಲ. ಮಗುವಿಗೆ ‘ಹೇಳು’ ಎಂದ ದಿನವೇ ಅದನ್ನು ಮಾಡಿಕೊಂಡಿದ್ದೇವೆ.

ಈ ಕಿವಿಗಾಗಿ ಹಿಂದೆ ದುಡ್ಡು ಸುರಿದ ಉದಾಹರಣೆ ಇದೇ ಊರಿನಲ್ಲಿದೆ. 1996ರಲ್ಲಿ ಮುಂಬಯಿಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಒಂದು ಯೋಜನೆಯಾಗಿ, ಜೆರೂ ಬಿಲಿಮೋರಿಯಾ ಅವರ ಮುಂದಾಳತ್ವದಲ್ಲಿ ಚೈಲ್ಡ್‌ಲೈನ್ ಶುರುವಾಯಿತು. ‘ದಸ್, ನೌ, ಆಠ್’ ಎಂದು ಎಣಿಸಿದರೆ ನೆನಪಿರುವ 1098 ಎಂಬ ಸಂಖ್ಯೆ. ಆ ಯೋಜನೆಯ ಬಂಡವಾಳ ಟೆಲಿಫೋನ್ ಆಗಿರಲಿಲ್ಲ. ಹಗಲುರಾತ್ರಿ ಅದರ ಇನ್ನೊಂದು ತುದಿಯಲ್ಲಿ ಕೂತು ಕೇಳಿಸಿಕೊಳ್ಳಲು ಕಲಿತ ಮನುಷ್ಯರಾಗಿದ್ದರು. ಖರ್ಚಾದದ್ದು ಅವರ ಸಂಬಳಕ್ಕೆ.

ಈಗ ನನ್ನ ಕಸುಬಿನ ಮಾತಿಗೆ ಬರುತ್ತೇನೆ. ಐಟಿಯಲ್ಲಿರುವ ನಮಗೆ ಕಡ್ಡಾಯ ತರಬೇತಿ ಎಂದರೆ ಏನೆಂದು ಚೆನ್ನಾಗಿ ಗೊತ್ತು. ವರ್ಷಕ್ಕೊಮ್ಮೆ ಲಿಂಕ್ ಬರುತ್ತದೆ. ವಿಡಿಯೋವನ್ನು ಒಂದು ಕಿಟಕಿಯಲ್ಲಿ ಓಡಲು ಬಿಟ್ಟು ಇನ್ನೊಂದರಲ್ಲಿ ಕೆಲಸ ಮಾಡುತ್ತೇವೆ. ಕೊನೆಗೆ ಹತ್ತು ಪ್ರಶ್ನೆ, ಒಂದು ಸರ್ಟಿಫಿಕೇಟ್. ಮ್ಯಾನೇಜರನಾಗಿ ನನ್ನ ತಂಡದ ಸಾಲು ಹಸಿರಾಗುವವರೆಗೆ ಜ್ಞಾಪನೆ ಕಳಿಸುವುದೂ ನನ್ನ ಕೆಲಸಗಳಲ್ಲೊಂದು. 2019ರಲ್ಲಿ ಶುರುವಾದ ‘ನಿಷ್ಠಾ’ ಕಾರ್ಯಕ್ರಮ 42 ಲಕ್ಷ ಶಿಕ್ಷಕರನ್ನು ಮುಟ್ಟುವ ಗುರಿ ಇಟ್ಟುಕೊಂಡಿತ್ತು, ಕೋವಿಡ್ ಬಂದಮೇಲೆ ‘ದೀಕ್ಷಾ’ ಮೂಲಕ ಆನ್‌ಲೈನಿಗೆ ಹೋಯಿತು. ಸುರಕ್ಷಿತ ಶಾಲಾ ಪರಿಸರದ ಪಾಠವೂ ಅದರಲ್ಲಿದೆ. ಅಷ್ಟು ದೊಡ್ಡ ಸಂಖ್ಯೆಗೆ ಬೇರೆ ದಾರಿ ಸುಲಭವಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ಮಗುವಿನ ಮುಂದೆ ಗಾಬರಿ ತೋರಿಸದಿರುವುದನ್ನು ವಿಡಿಯೋ ನೋಡಿ ಕಲಿಯಲಾಗದು. ಅದನ್ನು ಹತ್ತು ಜನ ಸುತ್ತ ಕೂತು, ಒಬ್ಬರು ಮಗುವಾಗಿ ಇನ್ನೊಬ್ಬರು ಟೀಚರಾಗಿ ಆಡಿ, ತಪ್ಪಿ, ಮತ್ತೆ ಆಡಿಯೇ ಕಲಿಯಬೇಕು. ಅದಕ್ಕೆ ಅನುಭವವಿರುವ ತರಬೇತುದಾರರು ಬೇಕು, ಅವರಿಗೆ ಸಂಬಳ ಬೇಕು. ಚುನಾವಣೆ, ಸಮೀಕ್ಷೆ, ಪರೀಕ್ಷೆಗಳ ನಡುವೆ ಟೀಚರುಗಳಿಗೆ ಎರಡು ದಿನ ಬಿಡುವು ಬೇಕು. ಆ ಎರಡು ದಿನ ಅವರ ತರಗತಿ ನೋಡಿಕೊಳ್ಳುವವರೂ ಬೇಕು. ನಿಜವಾದ ಖರ್ಚು ಇದು.

ಈ ಖರ್ಚನ್ನು ಕೊಡಬಲ್ಲವರಲ್ಲಿ ಕಂಪನಿಗಳೂ ಸೇರಿವೆ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನಂತೆ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ತೆಗೆದಿಡಬೇಕು. ನಾನಿರುವ ಕಂಪನಿಯಲ್ಲಿ ಇಂಥ ಅರ್ಜಿಗಳನ್ನು ಮೊದಲ ಸುತ್ತಿನಲ್ಲಿ ಓದುವ ಗುಂಪಿನಲ್ಲಿ ನಾನೂ ಇದ್ದೇನೆ. ನಮೂನೆಯಲ್ಲಿ ‘ಫಲಾನುಭವಿಗಳ ಸಂಖ್ಯೆ’ ಎಂಬ ಕಾಲಮ್ ಇದೆ. ನಲವತ್ತು ಟೀಚರುಗಳಿಗೆ ಮೂರು ವರ್ಷ ಬೆನ್ನಿಗೆ ನಿಂತು ತರಬೇತಿ ಕೊಡುತ್ತೇವೆ ಎನ್ನುವ ಅರ್ಜಿಯ ಆ ಕಾಲಮಿನಲ್ಲಿ ‘40’ ಎಂದಿರುತ್ತದೆ. ಒಂದೇ ಬೆಳಿಗ್ಗೆ ಐದು ಶಾಲೆಗಳಲ್ಲಿ ಚಿತ್ರ ತೋರಿಸಿ ಬರುತ್ತೇವೆ ಎನ್ನುವ ಅರ್ಜಿಯಲ್ಲಿ ‘4,000’ ಇರುತ್ತದೆ. ಪ್ರತಿ ತಲೆಗೆ ಬೀಳುವ ಖರ್ಚನ್ನು ಎಕ್ಸೆಲ್ ತಾನೇ ಲೆಕ್ಕ ಹಾಕಿ ತೋರಿಸಿಬಿಡುತ್ತದೆ. ಯಾವುದು ಗೆಲ್ಲುತ್ತದೆ ಎಂದು ಹೇಳಬೇಕಿಲ್ಲ.

ಇದಕ್ಕಿಂತ ದೊಡ್ಡ ಸಮಸ್ಯೆ ವರ್ಷದ ಕೊನೆಯಲ್ಲಿ ಬರುತ್ತದೆ. ದುಡ್ಡು ಕೊಟ್ಟವರು ಸಹಜವಾಗಿಯೇ ‘ದೌರ್ಜನ್ಯ ಎಷ್ಟು ಕಡಿಮೆಯಾಯಿತು?’ ಎಂದು ಕೇಳುತ್ತಾರೆ. ತರಬೇತಿ ಚೆನ್ನಾಗಿ ನಡೆದಿದ್ದರೆ ಮೊದಲ ವರ್ಷ ಕಾಗದದ ಮೇಲೆ ಹೆಚ್ಚಾಗಿಯೇ ಕಾಣುತ್ತದೆ. ಇದುವರೆಗೆ ಒಳಗೇ ಉಳಿದಿದ್ದ ಮಾತು ಹೊರಗೆ ಬರುತ್ತದೆ. ಶಾಲೆಗಳಲ್ಲಿ ನಡೆಯುವ ಇಂಥ ಪಾಠಗಳ ಬಗ್ಗೆ ಕಾಕ್ರೇನ್ ಸಂಸ್ಥೆ 2015ರಲ್ಲಿ ಪ್ರಕಟಿಸಿದ ಅವಲೋಕನ 24 ಅಧ್ಯಯನಗಳನ್ನು, ಒಟ್ಟು 5,802 ಮಕ್ಕಳನ್ನು ಪರಿಗಣಿಸಿತ್ತು. ಮಕ್ಕಳ ತಿಳಿವಳಿಕೆ ಹೆಚ್ಚಿದೆ, ಭಯ ಹೆಚ್ಚಿಲ್ಲ, ಪಾಠ ಕೇಳಿದ ಮಕ್ಕಳು ನಡೆದದ್ದನ್ನು ಹೇಳಿಕೊಳ್ಳುವ ಸಾಧ್ಯತೆ ಹೆಚ್ಚೆಂಬ ಸೂಚನೆಯಿದೆ ಎಂದಿತು. ದೌರ್ಜನ್ಯವೇ ಕಡಿಮೆಯಾಗುತ್ತದೆ ಎನ್ನಲು ಮಾತ್ರ ಸಾಕಷ್ಟು ಪುರಾವೆಯಿಲ್ಲ ಎಂದೂ ಪ್ರಾಮಾಣಿಕವಾಗಿ ಹೇಳಿತು. ಇದನ್ನು ಓದಿ ‘ಹಾಗಾದರೆ ದುಡ್ಡು ವ್ಯರ್ಥ’ ಎನ್ನುವವರೂ ಇರಬಹುದು. ಒಂದು ಮಗು ಹೇಳಿಕೊಂಡು, ನಂಬಲ್ಪಟ್ಟು, ನಾಳೆಯಿಂದ ಆ ಕೈಗೆ ಸಿಗದಂತಾಯಿತು ಎಂದರೆ ಅದನ್ನು ಫಲಿತಾಂಶವೆಂದು ಎಣಿಸಲು ನನಗಂತೂ ಬೇರೆ ಪುರಾವೆ ಬೇಡ.

ಸಾಫ್ಟ್‌ವೇರ್ ಕೆಲಸದಲ್ಲಿ ನಾವು ಮೊದಲು ಕಲಿಯುವ ಸತ್ಯವಿದು: ಬಗ್ ಪಟ್ಟಿಯಲ್ಲಿ ಸೊನ್ನೆ ಇದೆ ಎಂದರೆ ಪರೀಕ್ಷೆ ಮಾಡಿಲ್ಲ ಎಂದರ್ಥ. ಒಂದೂ ಬಗ್ ಇಲ್ಲ ಎಂದು ತಂಡವೊಂದು ಬಂದು ಹೇಳಿದರೆ ಯಾರೂ ಅಭಿನಂದಿಸುವುದಿಲ್ಲ, ಟೆಸ್ಟರ್ ಎಲ್ಲಿ ಎಂದು ಕೇಳುತ್ತೇವೆ. ಅದೇ ನಾವು ‘ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಒಂದೂ ದೂರು ಬಂದಿಲ್ಲ’ ಎನ್ನುವ ಶಾಲೆಗೆ ನೆಮ್ಮದಿಯಿಂದ ಫೀಸು ಕಟ್ಟುತ್ತೇವೆ. ಕೇಂದ್ರ ಸರಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ 2007ರಲ್ಲಿ 13 ರಾಜ್ಯಗಳ 12,447 ಮಕ್ಕಳನ್ನು ಮಾತನಾಡಿಸಿ ಪ್ರಕಟಿಸಿದ ಅಧ್ಯಯನದಲ್ಲಿ ಶೇಕಡಾ 53.22 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯವನ್ನು ಹೇಳಿಕೊಂಡಿದ್ದರು. ಅವರಲ್ಲಿ ಹೆಚ್ಚಿನವರು ಅದುವರೆಗೆ ಯಾರಿಗೂ ಹೇಳಿರಲಿಲ್ಲ. ಆ ಅಂಕಿಯ ಪಕ್ಕದಲ್ಲಿಟ್ಟು ನೋಡಿದರೆ ಸಾವಿರ ಮಕ್ಕಳ ಶಾಲೆಯ ಸೊನ್ನೆ ದೂರು ಸುರಕ್ಷತೆಯ ಗುರುತಲ್ಲ, ಮೌನದ ಗುರುತು. ಅದೇ 2007ರಲ್ಲಿ ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳು ಹದಿಹರೆಯದವರ ಶಿಕ್ಷಣ ಕಾರ್ಯಕ್ರಮವನ್ನು ಸಂಸ್ಕೃತಿಯ ಹೆಸರಿನಲ್ಲಿ ಶಾಲೆಯಿಂದ ಹೊರಗಿಟ್ಟವು. ಒಂದೇ ವರ್ಷ ಮಕ್ಕಳು ಬಾಯಿ ತೆರೆದರು, ನಾವು ಕಿವಿ ಮುಚ್ಚಿಕೊಂಡೆವು.

ಹಾಗಾಗಿ ಇಲ್ಲಿರುವ ನೈತಿಕ ಪ್ರಶ್ನೆ ದುಡ್ಡು ಎಷ್ಟು ಎಂಬುದಲ್ಲ. ಕೆಟ್ಟ ಸುದ್ದಿ ತರುವ ಕೆಲಸಕ್ಕೆ ನಾವು ದುಡ್ಡು ಕೊಡಲು ಸಿದ್ಧರಿದ್ದೇವೆಯೇ ಎಂಬುದು. ಕ್ಯಾಮೆರಾ ಕೊಳ್ಳುವವರಿಗೆ ನೆಮ್ಮದಿ ಸಿಗುತ್ತದೆ. ಕಿವಿಗೆ ತರಬೇತಿ ಕೊಡಿಸುವವರಿಗೆ ನೆಮ್ಮದಿ ಕೆಡುತ್ತದೆ. ಶಾಲೆಯ ಹೆಸರು, ಮನೆಯ ಮಾನ, ದಾನಿಯ ವಾರ್ಷಿಕ ವರದಿ ಈ ಮೂರೂ ಒಂದು ಕಡೆ, ಒಂದು ಮಗುವಿನ ಮಾತು ಇನ್ನೊಂದು ಕಡೆ. ಮಾನ ಎಂಬ ಪದವನ್ನು ನಾವು ಯಾವಾಗಲೂ ಸಂಸ್ಥೆಗೆ, ಮನೆತನಕ್ಕೆ ಸೇರಿಸಿ ಬಳಸಿದ್ದೇವೆ. ಐದು ವರ್ಷದವಳಿಗೂ ಅವಳದೇ ಆದ ಮಾನವೊಂದಿದೆ, ಅದು ಹೋಗುವುದು ನಡೆದದ್ದು ಹೊರಗೆ ಗೊತ್ತಾದಾಗಲ್ಲ, ಅವಳು ಹೇಳಿದ್ದನ್ನು ಯಾರೂ ನಂಬದಿದ್ದಾಗ ಎಂದು ಒಪ್ಪಿಕೊಂಡರೆ ಲೆಕ್ಕಾಚಾರವೇ ಬದಲಾಗುತ್ತದೆ.

ಗೋರೆಗಾಂವ್‌ನಲ್ಲಿ ಮೃಣಾಲ್ ಗೋರೆಯವರ ಹೆಸರಿನ ಮೇಲ್ಸೇತುವೆಯನ್ನು ನಾವು ದಿನವೂ ದಾಟುತ್ತೇವೆ. ನೀರಿಗಾಗಿ ಹೋರಾಡಿ ‘ಪಾನಿವಾಲಿ ಬಾಯಿ’ ಎಂದೇ ಹೆಸರಾದವರು ಅವರು. ನೀರು ಪುಣ್ಯಾತ್ಮರು ಕೊಡುವ ಅರವಟಿಗೆಯಲ್ಲ, ನಗರ ಕೊಡಲೇಬೇಕಾದ ಬಾಕಿ ಎಂದು ಆ ತಲೆಮಾರು ಹಟ ಹಿಡಿದದ್ದರಿಂದ ಈ ಉಪನಗರದ ನಲ್ಲಿಗಳಿಗೆ ನೀರು ಬಂತು. ಟೀಚರುಗಳ ತರಬೇತಿಯೂ ಅರವಟಿಗೆಯಾಗಿ ಉಳಿಯಬಾರದು. ಸರಕಾರದ ಬಜೆಟ್ಟಿನಲ್ಲಿ ಅದಕ್ಕೆ ಪ್ರತ್ಯೇಕ ಸಾಲು ಬೇಕು. ಖಾಸಗಿ ಶಾಲೆಯ ಫೀಸಿನಲ್ಲಿ ಅದರ ಪಾಲು ಕಾಣಬೇಕು. ಕಂಪನಿಯ ದುಡ್ಡು ಬರುವುದಾದರೆ ಒಂದು ಬೆಳಗಿಗಲ್ಲ, ಮೂರು ವರ್ಷಕ್ಕೆ ಬರಲಿ. ಹಾಗೆ ಕೊಡಲು ಕಾನೂನಿನ ಅಡ್ಡಿಯೂ ಇಲ್ಲ. ನಮ್ಮ ಓದುವ ಗುಂಪಿನಲ್ಲಿ ‘ಫಲಾನುಭವಿ’ ಕಾಲಮಿನ ಪಕ್ಕ ‘ಎಷ್ಟು ಗಂಟೆ, ಎಷ್ಟು ಸಲ ಮರಳಿ ಭೇಟಿ’ ಎಂಬ ಇನ್ನೊಂದು ಕಾಲಮ್ ಬೇಕೆಂದು ನಾನು ಕೇಳಿದ್ದೇನೆ. ಇದನ್ನು ಬರೆಯುವ ಹೊತ್ತಿಗೆ ಅದಿನ್ನೂ ಪರಿಶೀಲನೆಯಲ್ಲಿದೆ.

ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಬಹುದಾದ ಪ್ರಶ್ನೆಗಳಿಗಂತೂ ಯಾರ ಅನುಮತಿಯೂ ಬೇಡ. ಕಳೆದ ಸಲ ತರಬೇತಿ ನಡೆದದ್ದು ಯಾವಾಗ, ಎಷ್ಟು ಗಂಟೆ? ಬಸ್ಸಿನ ಚಾಲಕ, ಶಿಪಾಯಿ, ಮಾವಶಿ, ಗುತ್ತಿಗೆಯ ಕಾವಲುಗಾರ ಅದರಲ್ಲಿ ಕೂತಿದ್ದರೇ? ಕ್ಲಾಸ್ ಟೀಚರಿಗೆ ಹೇಳಲಾಗದ ಮಗು ಇನ್ನಾರಿಗೆ ಹೇಳಬಹುದು, ಆ ಹೆಸರು ಮಗುವಿಗೆ ಗೊತ್ತೇ? ಮಗು ಕನ್ನಡದಲ್ಲೋ ತುಳುವಿನಲ್ಲೋ ಹೇಳಿದರೆ ಯಾರನ್ನು ಕರೆಯುತ್ತೀರಿ? ಮತ್ತೆ ಕೊನೆಯದಾಗಿ, ಇದುವರೆಗೆ ಎಷ್ಟು ದೂರು ಬಂದಿವೆ?

ಈ ಕೊನೆಯ ಪ್ರಶ್ನೆಗೆ ಶಾಲೆಯೊಂದು ನೇರವಾಗಿ, ‘ಹೋದ ವರ್ಷ ಎರಡು ಬಂದವು. ಎರಡನ್ನೂ ಕಾನೂನಿನಂತೆ ತಿಳಿಸಿದೆವು, ಮಕ್ಕಳ ಹೆಸರನ್ನು ಕಾಪಾಡಿದೆವು, ಆ ಮಕ್ಕಳು ಇಲ್ಲೇ ಓದುತ್ತಿದ್ದಾರೆ’ ಎಂದಿತು ಅಂದುಕೊಳ್ಳಿ. ಪಕ್ಕದ ರಸ್ತೆಯ ಶಾಲೆ ‘ಒಂದೂ ಇಲ್ಲ’ ಎಂದಿತು. ನಿಮ್ಮ ಮಗುವನ್ನು ಯಾವುದಕ್ಕೆ ಸೇರಿಸುತ್ತೀರಿ? ತರ್ಕದಿಂದ ನನ್ನ ಉತ್ತರ ಸ್ಪಷ್ಟ: ಮೊದಲನೆಯದಕ್ಕೆ. ಆದರೆ ಅಪ್ಪನಾಗಿ ಆ ‘ಎರಡು’ ಎಂಬ ಪದ ಕಿವಿಗೆ ಬಿದ್ದಾಗ ಎದೆ ಒಂದು ಕ್ಷಣ ಹಿಂಜರಿಯುತ್ತದೆ ಎಂಬುದೂ ನಿಜ. ಶಾಲೆಗಳಿಗೆ ಚೆನ್ನಾಗಿ ಗೊತ್ತಿರುವುದು ನಮ್ಮ ಈ ಹಿಂಜರಿಕೆ. ಅದಕ್ಕೆ ಹೆದರಿಯೇ ಅವು ಸೊನ್ನೆಯನ್ನು ಕಾಪಾಡಿಕೊಂಡು ಬರುತ್ತವೆ. ಅದನ್ನು ದಾಟಿ ಮೊದಲನೆಯ ಶಾಲೆಯ ಅರ್ಜಿ ತುಂಬುವ ಹೆತ್ತವರು ಒಂದು ಊರಿನಲ್ಲಿ ನೂರು ಜನ ಸಿಕ್ಕರೂ ಸಾಕು, ನಿಜ ಹೇಳಿದ ಶಾಲೆ ಮಕ್ಕಳಿಲ್ಲದೆ ಮುಚ್ಚಿಹೋಗುವುದಿಲ್ಲ.